ಕೊಂಡ ತಗಡು, ಬಳಸಿದ ತಗಡು: ಒಂದು ರ‍್ಯಾಕ್ ಕಾರ್ಖಾನೆಯ ತಯಾರಿಕಾ ವೆಚ್ಚದ ಪ್ರಕರಣ

ಇದು ಉಕ್ಕಿನ ತಗಡಿನಿಂದ ಸಾಮಾನು ಜೋಡಿಸುವ ರ‍್ಯಾಕ್ ಮಾಡುವ ಒಂದು ಸಣ್ಣ ಕಾರ್ಖಾನೆಯ ಕತೆ. ಯಾರದು ಎಂದು ಗೊತ್ತಾಗಬಾರದು ಅಂತ ಅಂಕಿಗಳನ್ನೆಲ್ಲ ಒಂದೇ ಅನುಪಾತದಲ್ಲಿ ಬದಲಿಸಿದ್ದೇನೆ. ಯಾವ ದೇಶದ ಹಣ ಎಂದೂ ಹೇಳುತ್ತಿಲ್ಲ. ಒಟ್ಟು ಮೊತ್ತಗಳೆಲ್ಲ ಸಾವಿರದ ಲೆಕ್ಕದಲ್ಲಿವೆ. ಒಂದು ರ‍್ಯಾಕಿನ ವೆಚ್ಚ, ಬೆಲೆ, ಗಂಟೆಯ ದರ ಇವನ್ನು ಮಾತ್ರ ಪೂರ್ತಿ ಅಂಕಿಯಲ್ಲಿ ಬರೆದಿದ್ದೇನೆ.

ಹಿನ್ನೆಲೆ

ಕೆಲಸದ ಸಾಲು ಸರಳ. ತಗಡು ಬರುತ್ತದೆ, ಅಳತೆಗೆ ಕತ್ತರಿಸುತ್ತಾರೆ, ಬಗ್ಗಿಸುತ್ತಾರೆ, ವೆಲ್ಡಿಂಗ್ ಮಾಡುತ್ತಾರೆ. ಆಮೇಲೆ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಚ್ಚಿ ಒಲೆಯಲ್ಲಿ ಕಾಯಿಸುವುದು), ಕೊನೆಗೆ ಜೋಡಣೆ. ಮೂರು ತಿಂಗಳಿಗೆ ಏಳುನೂರು, ಏಳುನೂರೈವತ್ತು ರ‍್ಯಾಕ್ ಹೊರಗೆ ಹೋಗುತ್ತವೆ. ಮಾಲೀಕರು ಸ್ವತಃ ವೆಲ್ಡರ್ ಆಗಿದ್ದವರು. ಕೆಲಸ ಅವರಿಗೆ ಅಂಗೈ ಮೇಲಿನ ಗೆರೆಯಷ್ಟು ಗೊತ್ತು. ಲೆಕ್ಕ ನೋಡಿಕೊಳ್ಳಲು ಒಬ್ಬ ಹುಡುಗಿ ಇದ್ದಳು, ಬಿಲ್ಲುಗಳನ್ನು ತಪ್ಪದೆ ಬರೆದಿಡುತ್ತಿದ್ದಳು. ಒಂದು ಚೀಟಿಯೂ ಕಳೆದಿರಲಿಲ್ಲ. ಹಾಗಾಗಿ ಇದನ್ನು ಸೋಮಾರಿತನದ ಪ್ರಕರಣ ಎಂದುಕೊಳ್ಳಬೇಡಿ.

ಒಂದು ರ‍್ಯಾಕಿಗೆ ಎಷ್ಟು ಬೀಳುತ್ತದೆ ಎಂದು ಕಂಡುಹಿಡಿಯಲು ಅವರದೇ ಒಂದು ವಿಧಾನವಿತ್ತು. ಮೂರು ತಿಂಗಳಲ್ಲಿ ಆದ ಖರೀದಿ, ಕೂಲಿ, ಕರೆಂಟು, ಬಾಡಿಗೆ, ರಿಪೇರಿ, ವಿಮೆ, ಆಫೀಸಿನ ಸಂಬಳ, ಮಾರಾಟದ ಕಮಿಷನ್, ಸಾಗಾಟ ಎಲ್ಲವನ್ನೂ ಕೂಡಿ, ಮುಗಿದ ರ‍್ಯಾಕುಗಳ ಸಂಖ್ಯೆಯಿಂದ ಭಾಗಿಸುವುದು. ಅದರ ಮೇಲೆ ಲಾಭ ಇಟ್ಟು ಕೊಟೇಶನ್ ಕೊಡುವುದು. ನೋಡಿದರೆ ಏನೂ ತಪ್ಪಿಲ್ಲ ಅನ್ನಿಸುತ್ತದೆ, ಅಲ್ವಾ? ಹೋದ ದುಡ್ಡೆಲ್ಲ ಅದರಲ್ಲಿದೆ.

ತೊಂದರೆ ಕಾಣಿಸಿದ್ದು ಹೇಗೆ

ಮೊದಲ ತ್ರೈಮಾಸಿಕದಲ್ಲಿ ತಗಡಿನ ಬೆಲೆ ಏರುವ ಸುದ್ದಿ ಬಂತು. ಮಾಲೀಕರು ಜಾಣತನದಿಂದಲೇ ಮುಂಚಿತವಾಗಿ ರಾಶಿ ತಗಡು ಕೊಂಡರು. ಖರೀದಿ 1,860. ಅವರ ವಿಧಾನದ ಪ್ರಕಾರ ಒಟ್ಟು 3,080, ಮುಗಿದದ್ದು 720 ರ‍್ಯಾಕ್. ಒಂದಕ್ಕೆ 4,278 ಬಿತ್ತು. ಅದಕ್ಕೆ ಹತ್ತು ಪರ್ಸೆಂಟ್ ಸೇರಿಸಿ ಒಬ್ಬ ಹಳೇ ಗಿರಾಕಿಗೆ 4,700 ಹೇಳಿದರು. ಗಿರಾಕಿ ನಕ್ಕು, ಬೇರೆಯವರ ಹತ್ತಿರ 3,900ಕ್ಕೆ ತೆಗೆದುಕೊಂಡ.

ಎರಡನೇ ತ್ರೈಮಾಸಿಕದಲ್ಲಿ ಹೆಚ್ಚು ತಗಡು ಕೊಳ್ಳುವ ಅಗತ್ಯ ಬೀಳಲಿಲ್ಲ, ಗೋಡೌನಿನಲ್ಲಿ ಇತ್ತಲ್ಲ. ಖರೀದಿ ಬರೀ 620. ಎಲ್ಲ ಕೂಡಿದರೆ 1,860, ಮುಗಿದದ್ದು 750 ರ‍್ಯಾಕ್. ಒಂದಕ್ಕೆ 2,480. ಮಾಲೀಕರಿಗೆ ಖುಷಿಯೋ ಖುಷಿ. ಬ್ಯಾಂಕಿನಲ್ಲೂ ದುಡ್ಡು ನಿಂತಿತ್ತು. ಹೋದ ಸಲ ಜಾಸ್ತಿ ಹೇಳಿ ಕೆಟ್ಟೆವು, ಈ ಸಲ ಬಿಡಬಾರದು ಎಂದು ಹದಿನೈದು ಪರ್ಸೆಂಟ್ ಲಾಭ ಇಟ್ಟು 2,850ಕ್ಕೆ 400 ರ‍್ಯಾಕಿನ ಆರ್ಡರ್ ಹಿಡಿದರು. ಕೊಂಡವರು ಚೌಕಾಸಿಯನ್ನೇ ಮಾಡಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು.

ಮೂರನೇ ತ್ರೈಮಾಸಿಕ ಶುರುವಾಗುವ ಹೊತ್ತು ಹತ್ತಿರ ಬಂದಂತೆ ತಗಡು ಬಹುತೇಕ ಖಾಲಿ. ಹೊಸ ಬೆಲೆ ಎಂಟು ಪರ್ಸೆಂಟ್ ಮೇಲೆ. ಕೈಯಲ್ಲಿ ದುಡ್ಡಿಲ್ಲ. ಆಗ ಲೆಕ್ಕ ನೋಡಲು ನನ್ನನ್ನು ಕರೆದರು. ಮಾಲೀಕರ ಮೊದಲ ಮಾತು ಇದು: “ಸಾರ್, ಲೆಕ್ಕದಲ್ಲಿ ಲಾಭ ಇದೆ, ಜೇಬಲ್ಲಿ ಇಲ್ಲ. ಯಾರೋ ಕದೀತಿದ್ದಾರೆ.”

ಯಾರೂ ಕದಿಯುತ್ತಿರಲಿಲ್ಲ. ಆರು ತಿಂಗಳಲ್ಲಿ ಒಂದೇ ರ‍್ಯಾಕಿನ ವೆಚ್ಚ 4,278 ಇದ್ದದ್ದು 2,480ಕ್ಕೆ ಇಳಿಯಬೇಕಾದರೆ ಕಾರ್ಖಾನೆಯೇ ಬದಲಾಗಿರಬೇಕು. ಅದೇ ಜನ, ಅದೇ ಯಂತ್ರ, ಅದೇ ನಕ್ಷೆ. ಬದಲಾದದ್ದು ಖರೀದಿ ಒಂದೇ. ಅಂದರೆ ಅವರು ಅಳೆಯುತ್ತಿದ್ದದ್ದು ತಯಾರಿಸುವ ವೆಚ್ಚವನ್ನಲ್ಲ, ಕೊಳ್ಳುವ ಹುಮ್ಮಸ್ಸನ್ನು.

ಸ್ಟಾಕ್ ಎಣಿಸಿದ ದಿನ

ಒಟ್ಟು ತಯಾರಿಕಾ ವೆಚ್ಚ ಎಂದರೆ ಒಂದು ಅವಧಿಯಲ್ಲಿ ತಯಾರಿಕೆಗೆ ಹೋದ ಮೂರು ಸಂಗತಿಗಳ ಮೊತ್ತ: ಬಳಸಿದ ನೇರ ಸಾಮಗ್ರಿ, ನೇರ ಕೂಲಿ, ಕಾರ್ಖಾನೆಯ ಓವರ್‌ಹೆಡ್. ನೇರ ಎಂದರೆ ಸೀದಾ ಮಾಲಿಗೇ ಹೋಗುವುದು. ಓವರ್‌ಹೆಡ್ ಎಂದರೆ ಇಂಥ ಮಾಲಿಗೇ ಹೋಯಿತು ಎಂದು ಹೇಳಲಾಗದ ಬಾಡಿಗೆ, ಕರೆಂಟು, ರಿಪೇರಿಯಂಥ ಕಾರ್ಖಾನೆಯ ಪರೋಕ್ಷ ಖರ್ಚು. ಇಲ್ಲಿ ಭಾರ ಬೀಳುವುದು ‘ಬಳಸಿದ’ ಎಂಬ ಮಾತಿನ ಮೇಲೆ. ಆರಂಭದ ಸ್ಟಾಕಿಗೆ ಖರೀದಿ ಕೂಡಬೇಕು, ಕೊನೆಗೆ ಉಳಿದ ಸ್ಟಾಕ್ ಕಳೆಯಬೇಕು. ಖರೀದಿ ಎಂದರೆ ಒಳಗೆ ತರುವ ಸಾಗಾಟವೂ ಸೇರಿ, ವಾಪಸ್ ಕಳಿಸಿದ್ದನ್ನು ಕಳೆದು. ಇಷ್ಟಕ್ಕೆ ಸ್ಟಾಕ್ ಎಷ್ಟಿದೆ ಎಂದು ಗೊತ್ತಿರಬೇಕು. ಅವರಿಗೆ ಗೊತ್ತಿರಲಿಲ್ಲ. ತಗಡು ಬೇಕಾದಾಗ ಹೋಗಿ ಎಳೆದುಕೊಳ್ಳುವುದು, ಅಷ್ಟೇ.

ಎಣಿಸಲು ಅರ್ಧ ದಿನ ಕೆಲಸ ನಿಲ್ಲಿಸಿ ಎಂದೆ. ಮಾಲೀಕರು ಒಪ್ಪಲಿಲ್ಲ. “ಅರ್ಧ ದಿನಕ್ಕೆ ಆರು ರ‍್ಯಾಕ್ ಹೋಗುತ್ತೆ ಸಾರ್.” ಕೊನೆಗೆ ಎರಡನೇ ತ್ರೈಮಾಸಿಕ ಮುಗಿದ ಸಂಜೆ, ಪಾಳಿ ಬಿಟ್ಟ ಮೇಲೆ ಎಣಿಸಿದೆವು. ಸ್ಟೋರ್ ಕೀಪರ್ ಟಾರ್ಚ್ ಹಿಡಿದ, ನಾನು ಬರೆದೆ, ಅಕೌಂಟ್ಸ್ ಹುಡುಗಿ ತಗಡಿನ ದಪ್ಪ ನೋಡಿ ಕೂಗಿದಳು. ಪೌಡರ್ ಕೋಟಿಂಗ್ ಬೂತಿನ ಹಿಂದೆ ಟಾರ್ಪಾಲಿನ ಕೆಳಗೆ ಹದಿನಾಲ್ಕು ತಗಡು ಸಿಕ್ಕವು. ಮೇಲೆ ಸುಣ್ಣದ ಕಡ್ಡಿಯಲ್ಲಿ “ಅರ್ಜೆಂಟ್” ಎಂದು ಬರೆದಿತ್ತು. ಯಾವ ಅರ್ಜೆಂಟೋ ಯಾರಿಗೂ ನೆನಪಿಲ್ಲ. ಅವನ್ನೂ ಸೇರಿಸಿದ ಮೇಲೆ ಎರಡನೇ ತ್ರೈಮಾಸಿಕದ ಕೊನೆಯ ಸ್ಟಾಕ್ 80 ಆಯಿತು.

ಮೊದಲ ತ್ರೈಮಾಸಿಕದ ಕೊನೆಯಲ್ಲಿ ಎಷ್ಟಿತ್ತು? ಅದನ್ನು ಈಗ ಎಣಿಸಲು ಆಗುವುದಿಲ್ಲ. ಸಾಲಕ್ಕಾಗಿ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಪಟ್ಟಿಯಲ್ಲಿ 850 ಎಂದಿತ್ತು. ಇಂಥ ಪಟ್ಟಿಯನ್ನು ಕಣ್ಣು ಮುಚ್ಚಿ ನಂಬಬಾರದು, ಸಾಲ ಕೇಳುವವನ ಸ್ಟಾಕ್ ಸ್ವಲ್ಪ ಉಬ್ಬಿಯೇ ಇರುತ್ತದೆ. ಹಾಗಾಗಿ ಇನ್ನೊಂದು ದಾರಿಯಿಂದ ಹೋದೆವು. ನಕ್ಷೆಯ ಕಟಿಂಗ್ ಪಟ್ಟಿ ತೆಗೆದು ಒಂದು ರ‍್ಯಾಕಿಗೆ ಎಷ್ಟು ತೂಕದ ತಗಡು ಬೇಕು, ಚೂರು ಎಷ್ಟು ಹೋಗುತ್ತದೆ ನೋಡಿದೆವು. ಸಣ್ಣಪುಟ್ಟ ಸಾಮಗ್ರಿಯೂ ಸೇರಿ ಎರಡನೇ ತ್ರೈಮಾಸಿಕದ ಬಳಕೆ 1,330 ಬಂತು. ಹಿಂದಕ್ಕೆ ಲೆಕ್ಕ ಹಾಕಿದರೆ, ಉಳಿದ 80, ಬಳಸಿದ 1,330, ಅದರಲ್ಲಿ ಖರೀದಿ 620 ಕಳೆದರೆ 790. ಬ್ಯಾಂಕಿನ ಪಟ್ಟಿಗೂ ಇದಕ್ಕೂ 60 ವ್ಯತ್ಯಾಸ. ಪಟ್ಟಿ ಮಾಡುವಾಗ ಕೊಂಡ ಬೆಲೆಯ ಬದಲು ಏರಿದ ಬೆಲೆ ಹಾಕಿದ್ದರು. ಅಲ್ಲಿಗೆ ಆ ಗಂಟು ಬಿಚ್ಚಿತು.

ನನ್ನ ತಪ್ಪು, ಮತ್ತು ವಾದಗಳು

ಅಂದು ರಾತ್ರಿ ನಾನು ಹಾಕಿದ ಮೊದಲ ಕಾಸ್ಟ್ ಶೀಟಿನಲ್ಲಿ ಒಟ್ಟು ತಯಾರಿಕಾ ವೆಚ್ಚ 2,408 ಬಂದಿತ್ತು. ಮರುದಿನ ಬೆಳಗ್ಗೆ ಹುಡುಗಿ ಕೇಳಿದಳು: “ಸಾರ್, ವೆಲ್ಡಿಂಗ್ ರಾಡು, ಗ್ರೈಂಡಿಂಗ್ ಚಕ್ರ, ಗ್ಲೌಸು ಓವರ್‌ಹೆಡ್‌ನಲ್ಲಿ 85 ಹಾಕಿದ್ದೀರಿ. ಅವೂ ಇದೇ ಸ್ಟೋರಿನಿಂದಲೇ ಹೋಗಿದ್ದಲ್ವಾ? 1,330ರಲ್ಲಿ ಆಗಲೇ ಇವೆಯಲ್ಲ?” ಹೌದು. ಒಂದೇ 85ನ್ನು ಎರಡು ಸಲ ಕೂಡಿದ್ದೆ. ಪರೋಕ್ಷ ಸಾಮಗ್ರಿಯನ್ನು ಮೊದಲು ಬಳಕೆಯಿಂದ ಕಳೆದು ಆಮೇಲೆ ಓವರ್‌ಹೆಡ್‌ಗೆ ಹಾಕಬೇಕು. ಎಷ್ಟು ವರ್ಷದ ಅನುಭವ ಇದ್ದರೂ ಈ ಹಳ್ಳಕ್ಕೆ ಬೀಳುವವರು ಇದ್ದೇ ಇರುತ್ತಾರೆ, ನಾನೂ ಬಿದ್ದೆ.

ಕೂಲಿ 640 ಇತ್ತು. ಅದರಲ್ಲಿ ತಗಡಿಗೆ ಕೈ ಹಚ್ಚುವವರದು 495. ಸೂಪರ್‌ವೈಸರ್, ಸ್ಟೋರ್ ಕೀಪರ್, ಕ್ಲೀನರ್, ಮೆಕ್ಯಾನಿಕ್ ಇವರದು 145, ಅದು ಓವರ್‌ಹೆಡ್. ಇದಕ್ಕೆ ತಕರಾರು ಬರಲಿಲ್ಲ.

ಸವಕಳಿಗೆ ಬಂತು. ಯಂತ್ರಗಳ ಸವಕಳಿ, ಅಂದರೆ ಬಳಸಿ ಬಳಸಿ ಸವೆದು ಇಳಿಯುವ ಬೆಲೆ, ತ್ರೈಮಾಸಿಕಕ್ಕೆ 90. ಮಾಲೀಕರ ಲೆಕ್ಕದಲ್ಲಿ ಅದು ಇರಲೇ ಇಲ್ಲ. “ಬೆಂಡಿಂಗ್ ಮಷೀನಿಗೆ ದುಡ್ಡು ಕೊಟ್ಟು ನಾಲ್ಕು ವರ್ಷ ಆಯ್ತು. ಈಗ ಯಾಕೆ ಮತ್ತೆ?” ನಾನು ಅವರನ್ನು ಯಂತ್ರದ ಹತ್ತಿರ ಕರೆದುಕೊಂಡು ಹೋಗಿ, ಸವೆದ ಡೈ (ತಗಡು ಬಗ್ಗಿಸುವ ಅಚ್ಚು) ತೋರಿಸಿ, ಇದು ಎಲ್ಲಿ ಹೋಯಿತು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ರ‍್ಯಾಕಿಗೆ” ಎಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಇನ್ನೊಂದು ಕಡೆ, ಮಾರಾಟದ ಕಮಿಷನ್, ಗಿರಾಕಿಗೆ ತಲುಪಿಸುವ ಸಾಗಾಟ, ಆಫೀಸಿನ ಸಂಬಳ ತೆಗೆದುಹಾಕಿದಾಗ ಅವರಿಗೆ ಗಾಬರಿ. ದುಡ್ಡು ಹೋಗಿದೆಯಲ್ಲ, ವೆಚ್ಚ ಅಲ್ಲ ಎಂದರೆ ಹೇಗೆ? ವೆಚ್ಚ ಹೌದು, ತಯಾರಿಕೆಯ ವೆಚ್ಚ ಅಲ್ಲ. ರ‍್ಯಾಕ್ ಸಿದ್ಧವಾಗಿ ಗೋಡೌನಿನಲ್ಲಿ ನಿಂತ ಮೇಲೆ ಆಗುವ ಖರ್ಚು ಅದರ ದಾಸ್ತಾನು ಬೆಲೆಗೆ ಸೇರುವುದಿಲ್ಲ. ಅಂತರರಾಷ್ಟ್ರೀಯ ಲೆಕ್ಕ ಮಾನದಂಡ ಐಎಎಸ್ 2 ಕೂಡ ಮಾರಾಟದ ಖರ್ಚು, ತಯಾರಿಕೆಗೆ ಸಂಬಂಧವಿಲ್ಲದ ಆಡಳಿತದ ಖರ್ಚು ಇವನ್ನು ದಾಸ್ತಾನಿನ ವೆಚ್ಚದಿಂದ ಹೊರಗಿಡುತ್ತದೆ. ಕೊಟೇಶನ್ ಕೊಡುವಾಗ ಅವನ್ನು ಮರೆಯಬಾರದು, ಅಷ್ಟೇ. ಬೇರೆ ಸಾಲಿನಲ್ಲಿ ಬರುತ್ತವೆ.

ಬಾಡಿಗೆ 150ನ್ನು ಜಾಗದ ಅಳತೆ ನೋಡಿ ಕಾರ್ಖಾನೆಗೆ 120, ಆಫೀಸಿಗೆ 30 ಮಾಡಿದೆವು. ಕರೆಂಟಿಗೆ ಬೇರೆ ಮೀಟರ್ ಇರಲಿಲ್ಲ. ಬಲ್ಬು, ಫ್ಯಾನು, ಕಂಪ್ಯೂಟರ್ ಎಣಿಸುತ್ತಾ ನಾನು ಎರಡು ದಿನ ಕಳೆದೆ. ಕೊನೆಗೆ 118ರಲ್ಲಿ ಆಫೀಸಿನ ಪಾಲು 20 ಬಂತು. ಅದು 15 ಆಗಿದ್ದರೂ 25 ಆಗಿದ್ದರೂ ಒಂದು ರ‍್ಯಾಕಿಗೆ ಆರು ಅಥವಾ ಏಳರಷ್ಟೇ ವ್ಯತ್ಯಾಸ. ಆ ಎರಡು ದಿನ ಸುಮ್ನೆ ಹೋಯಿತು. ತಗಡಿನ ಎಣಿಕೆಗೆ ಇನ್ನೊಂದು ಸಂಜೆ ಕೊಟ್ಟಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು.

ಎರಡನೇ ತ್ರೈಮಾಸಿಕದ ಶೀಟ್ ಕೊನೆಗೆ ಹೀಗೆ ನಿಂತಿತು:

ಆರಂಭದ ಸಾಮಗ್ರಿ ಸ್ಟಾಕ್ 790
ಕೂಡಿ: ಖರೀದಿ 620
ಕಳೆ: ಕೊನೆಯ ಸ್ಟಾಕ್ 80
ಬಳಸಿದ ಸಾಮಗ್ರಿ 1,330
ಕಳೆ: ಪರೋಕ್ಷ ಸಾಮಗ್ರಿ 85
ನೇರ ಸಾಮಗ್ರಿ 1,245
ನೇರ ಕೂಲಿ 495
ಓವರ್‌ಹೆಡ್: ಪರೋಕ್ಷ ಸಾಮಗ್ರಿ 85, ಪರೋಕ್ಷ ಕೂಲಿ 145, ಕರೆಂಟು 98, ಬಾಡಿಗೆ 120, ಸವಕಳಿ 90, ರಿಪೇರಿ 52, ವಿಮೆ 15, ಒಟ್ಟು 605, ಚೂರು ತಗಡು ಮಾರಿ ಬಂದ 22 ಕಳೆದು 583
ಒಟ್ಟು ತಯಾರಿಕಾ ವೆಚ್ಚ 2,323

ಮಾಲೀಕರ 1,860 ಎಲ್ಲಿ, ಈ 2,323 ಎಲ್ಲಿ ಎಂದು ಅವರೇ ಕೇಳಿದರು. ಕೇಳಲೇಬೇಕಾದ ಪ್ರಶ್ನೆ. ಹಳೇ ಅಂಕಿಯಿಂದ ಹೊಸ ಅಂಕಿಗೆ ನಡೆದು ತೋರಿಸದಿದ್ದರೆ ಯಾರೂ ನಂಬುವುದಿಲ್ಲ. 1,860ರಲ್ಲಿ ತಯಾರಿಕೆಗೆ ಸೇರದ 315 ತೆಗೆದೆವು, 1,545. ಸ್ಟಾಕ್ 790ರಿಂದ 80ಕ್ಕೆ ಇಳಿದದ್ದು 710, ಕೂಡಿದರೆ 2,255. ಸವಕಳಿ 90 ಸೇರಿ 2,345. ಚೂರಿನ 22 ಕಳೆದರೆ 2,323. ನಾಲ್ಕು ಹೆಜ್ಜೆ. ನಡುವಿನ 710 ನೋಡಿ ಅವರು ಕುರ್ಚಿಗೆ ಒರಗಿದರು. “ಕದ್ದಿದ್ದು ಇದೇ ಹಾಗಾದರೆ.”

ಅರ್ಧ ಮುಗಿದ 93

2,323ನ್ನು 750ರಿಂದ ಭಾಗಿಸಿ 3,097 ಎಂದು ಬರೆದುಕೊಳ್ಳುವುದರಲ್ಲಿದ್ದರು. ತಡೆದೆ. ಈ ಮೊತ್ತ ಮೂರು ತಿಂಗಳಲ್ಲಿ ಕಾರ್ಖಾನೆಯೊಳಗೆ ಸುರಿದದ್ದು. ಅದೆಲ್ಲವೂ ಮುಗಿದ ರ‍್ಯಾಕಿಗೇ ಹೋಗಿಲ್ಲ. ಸ್ವಲ್ಪ ಅರ್ಧ ಕೆಲಸದಲ್ಲಿ ಕೂತಿದೆ. ಹಾಗೆಯೇ ಹಿಂದಿನ ತ್ರೈಮಾಸಿಕದ ಅರ್ಧ ಕೆಲಸ ಈ ಸಲ ಮುಗಿದಿದೆ. ಒಟ್ಟು ತಯಾರಿಕಾ ವೆಚ್ಚ ಬೇರೆ, ಮುಗಿದ ಮಾಲಿನ ವೆಚ್ಚ ಬೇರೆ.

ವೆಲ್ಡಿಂಗ್ ಕಡೆ ಹೋಗಿ ನೋಡಿದರೆ ಕತ್ತರಿಸಿ ಬಗ್ಗಿಸಿದ ಕಾಲುಗಳು, ಹಲಗೆಗಳು ಕಟ್ಟು ಕಟ್ಟಾಗಿ ನಿಂತಿದ್ದವು. ಎಣ್ಣೆ ಇನ್ನೂ ಒರೆಸಿರಲಿಲ್ಲ. ಲೆಕ್ಕಕ್ಕೆ 93 ರ‍್ಯಾಕಿನಷ್ಟು. ಸೂಪರ್‌ವೈಸರ್ “ಎಲ್ಲ ಅರ್ಧರ್ಧ ಆಗಿವೆ ಸಾರ್” ಎಂದ. ಅರ್ಧ ಎನ್ನುವುದು ಬಾಯಿಮಾತು. ತಗಡು ಪೂರ್ತಿ ಹೋಗಿದೆ, ಇನ್ನು ಹಾಕುವುದಕ್ಕೆ ತಗಡೇ ಇಲ್ಲ. ಕೂಲಿ, ಓವರ್‌ಹೆಡ್ ಮಾತ್ರ ಕಾಲು ಭಾಗ ಆಗಿದೆ. ಹಾಗಾಗಿ ಸಾಮಗ್ರಿಗೆ 93 ಪೂರ್ಣ, ಉಳಿದದ್ದಕ್ಕೆ 23.25 ಪೂರ್ಣ ರ‍್ಯಾಕಿಗೆ ಸಮ ಎಂದು ಹಿಡಿದೆವು.

ಸೂಪರ್‌ವೈಸರನ ಡೈರಿಯಿಂದ ಹಿಂದಿನ ತ್ರೈಮಾಸಿಕದ ಅರ್ಧ ಕೆಲಸ 140 ಎಂದು ತೆಗೆದಿದ್ದೆವು. ಅದರಲ್ಲಿ ಸಾಮಗ್ರಿ 114, ಕೂಲಿ ಮತ್ತು ಓವರ್‌ಹೆಡ್ 26. ಹಿಂದಿನದನ್ನೂ ಈ ಸಲದ್ದನ್ನೂ ಬೆರೆಸಿ ನೋಡುವ ಸರಾಸರಿ ವಿಧಾನದಲ್ಲಿ ಸಾಮಗ್ರಿ 1,359ನ್ನು (1,245ಕ್ಕೆ 114 ಕೂಡಿ) 843ರಿಂದ (ಮುಗಿದ 750, ಅರ್ಧ ಕೆಲಸದ 93) ಭಾಗಿಸಿದರೆ ಒಂದಕ್ಕೆ 1,612. ಕೂಲಿ, ಓವರ್‌ಹೆಡ್ ಸೇರಿದ 1,104ನ್ನು (495, 583, ಹಿಂದಿನ 26) 773.25ರಿಂದ (750, 23.25) ಭಾಗಿಸಿದರೆ 1,428. ಎರಡೂ ಸೇರಿ 3,040. ಅರ್ಧ ಕೆಲಸದ 93ಕ್ಕೆ 183 ನಿಂತಿತು. ಇನ್ನೊಂದು ಕಡೆಯಿಂದ ನೋಡಿ: 2,323ಕ್ಕೆ 140 ಕೂಡಿ 183 ಕಳೆದರೆ 2,280, ಅದು 750 ರ‍್ಯಾಕಿಗೆ. ಮತ್ತೆ 3,040. ಎರಡು ದಾರಿ ಒಂದೇ ಕಡೆ ಬಂದು ಸೇರಿದಾಗ ಒಂದು ಸಮಾಧಾನ ಇರುತ್ತದೆ, ಲೆಕ್ಕದವರಿಗೆ ಗೊತ್ತು.

ಮೊದಲ ತ್ರೈಮಾಸಿಕವನ್ನೂ ಇದೇ ರೀತಿ ಕಟ್ಟಿದೆವು. ಒಟ್ಟು ತಯಾರಿಕಾ ವೆಚ್ಚ 2,240, ಮುಗಿದ ಮಾಲು 2,160, ಒಂದಕ್ಕೆ 3,000. ಅಂದರೆ 4,278ರಿಂದ 2,480ಕ್ಕೆ ಬಿದ್ದಂತೆ ಕಂಡದ್ದು ನಿಜವಾಗಿ 3,000ದಿಂದ 3,040ಕ್ಕೆ ಏರಿತ್ತು. 3,900ಕ್ಕೆ ಕೊಟ್ಟರೂ ಲಾಭ ಬರುತ್ತಿದ್ದ ಗಿರಾಕಿಯನ್ನು ಕಳೆದುಕೊಂಡು, 2,850ರ ಗಿರಾಕಿಯನ್ನು ಕಟ್ಟಿಕೊಂಡಿದ್ದರು.

400 ರ‍್ಯಾಕಿನ ಆರ್ಡರ್ ಏನು ಮಾಡುವುದು

ಇದು ನಿಜವಾದ ತಿರುವು. 3,040ರ ಮಾಲನ್ನು 2,850ಕ್ಕೆ ಕೊಟ್ಟರೆ ಒಂದಕ್ಕೆ 190, ನಾನೂರಕ್ಕೆ 76 ಸಾವಿರ ನಷ್ಟ. ಮಾಲೀಕರು ಆರ್ಡರ್ ಬಿಟ್ಟುಬಿಡೋಣ ಎಂದರು. ಹುಡುಗಿಯೂ ಹೌದು ಎಂದಳು. ನಾನು ಬೇಡ ಎಂದೆ.

ಕಾರಣ ಇಷ್ಟು. 3,040ರಲ್ಲಿ ಬಾಡಿಗೆ, ಸವಕಳಿ, ವಿಮೆ, ಸೂಪರ್‌ವೈಸರ್ ಸಂಬಳ ಸೇರಿವೆ. ಈ ಆರ್ಡರ್ ಬಿಟ್ಟರೆ ಅವು ನಿಲ್ಲುವುದಿಲ್ಲ. ಈ ರ‍್ಯಾಕಿಗಾಗಿಯೇ ಹೊಸದಾಗಿ ಹೋಗುವುದೆಷ್ಟು? ತಗಡು 1,612, ಹೊಸ ಬೆಲೆಗೆ ಇನ್ನೊಂದು 130. ಕೊಟೇಶನ್‌ಗೆ, ಇಂಥ ನಿರ್ಧಾರಕ್ಕೆ ನಾಳೆ ಕೊಳ್ಳುವ ಬೆಲೆ ಬೇಕು, ನಿನ್ನೆ ಕೊಂಡದ್ದಲ್ಲ. ನೇರ ಕೂಲಿಯನ್ನೂ ಪೂರ್ತಿ ಹಿಡಿದರೆ ಒಂದಕ್ಕೆ 640. ರಾಡು, ಚಕ್ರ, ಯಂತ್ರದ ಕರೆಂಟು 170. ಒಟ್ಟು 2,550ರ ಆಸುಪಾಸು. 2,850 ಬಂದರೆ ಒಂದೊಂದಕ್ಕೆ 300 ಉಳಿದು ಬಾಡಿಗೆಗೋ ಸಂಬಳಕ್ಕೋ ಆಗುತ್ತದೆ. ತಲುಪಿಸುವ ಸಾಗಾಟ 110 ಹೋದರೂ ಸ್ವಲ್ಪ ನಿಲ್ಲುತ್ತದೆ.

ಆದರೆ ಒಂದು ಷರತ್ತು. 3,900 ಕೊಡುವ ಗಿರಾಕಿಯ ಕೆಲಸ ಬದಿಗಿಟ್ಟು ಇದನ್ನು ಮಾಡಿದರೆ ಪೆಟ್ಟು. ಅಲ್ಲಿ ಕಮಿಷನ್, ಸಾಗಾಟ ಕಳೆದರೂ ಒಂದಕ್ಕೆ ಸಾವಿರಕ್ಕಿಂತ ಜಾಸ್ತಿ ಉಳಿಯುತ್ತದೆ. ಹಾಗಾಗಿ ಕೊಂಡವರ ಹತ್ತಿರ ಹೋಗಿ ಬೆಲೆ ಮಾತಾಡಲಿಲ್ಲ, ಟೈಮ್ ಮಾತಾಡಿದೆವು. ಎರಡು ತಿಂಗಳ ಬದಲು ನಾಲ್ಕು ತಿಂಗಳು ಕೊಡಿ, ಮಾಲು ನೀವೇ ಬಂದು ತೆಗೆದುಕೊಂಡು ಹೋಗಿ ಎಂದು ಕೇಳಿದೆವು. ಬೆಲೆ ಏರಿಸಿ ಎಂದಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ. ಇದಕ್ಕೆ ಒಪ್ಪಿದರು. ಓವರ್‌ಟೈಮ್ ಇಲ್ಲದೆ, ಖಾಲಿ ಹೊತ್ತಿನಲ್ಲಿ 400 ಮುಗಿಯಿತು. ಲಾಭ ಬರಲಿಲ್ಲ. ಕಾರ್ಖಾನೆ ಮುಳುಗಲೂ ಇಲ್ಲ.

ಮುಂದಕ್ಕೆ ಹಾಕಿದ ದರ

ತ್ರೈಮಾಸಿಕ ಮುಗಿಯುವ ತನಕ ಕಾದು ಓವರ್‌ಹೆಡ್ ಕೂಡಿದರೆ ಕೊಟೇಶನ್ ಯಾವಾಗ ಕೊಡುವುದು? ಅದಕ್ಕೆ ಮೊದಲೇ ಒಂದು ದರ ಕಟ್ಟಿದೆವು. ವರ್ಷದ ಅಂದಾಜು ಓವರ್‌ಹೆಡ್ 2,320, ಅಂದಾಜು ನೇರ ಕೂಲಿ 16,000 ಗಂಟೆ. ಗಂಟೆಗೆ 145.

ಮೂರನೇ ತ್ರೈಮಾಸಿಕದಲ್ಲಿ ಕೋಟಿಂಗ್ ಒಲೆ ಹನ್ನೊಂದು ದಿನ ಕೆಟ್ಟು ನಿಂತಿತು. ಕೆಲಸವಾದದ್ದು 3,600 ಗಂಟೆ, ದರದ ಪ್ರಕಾರ ರ‍್ಯಾಕುಗಳ ಮೇಲೆ ಹಾಕಿದ್ದು 522. ನಿಜವಾಗಿ ಆದ ಓವರ್‌ಹೆಡ್ 590. ಉಳಿದ 68 ಯಾರ ತಲೆಗೆ? ಮಾಲೀಕರು ಮುಗಿದ 620 ರ‍್ಯಾಕಿಗೆ ಹಂಚಿ, ಒಂದೊಂದಕ್ಕೆ 110 ಏರಿಸಲು ಹೊರಟರು. ಒಲೆ ಕೆಟ್ಟದ್ದಕ್ಕೆ ಗಿರಾಕಿ ಯಾಕೆ ಕೊಡುತ್ತಾನೆ? ತಯಾರಿಕೆ ಕಡಿಮೆಯಾಯಿತೆಂದು ಒಂದೊಂದು ಮಾಲಿನ ಮೇಲಿನ ಸ್ಥಿರ ಓವರ್‌ಹೆಡ್ ಏರಿಸುವಂತಿಲ್ಲ, ಅದನ್ನು ಸಾಮಾನ್ಯ ಸಾಮರ್ಥ್ಯದ (ಮಾಮೂಲಿ ದಿನಗಳಲ್ಲಿ ಆಗುವಷ್ಟು ತಯಾರಿಕೆಯ) ಮೇಲೆ ಹಂಚಬೇಕು, ಮಿಕ್ಕಿದ್ದು ಆ ಅವಧಿಯ ಖರ್ಚು ಎಂದು ಐಎಎಸ್ 2 ಹೇಳುತ್ತದೆ. 68ನ್ನು ಆ ತ್ರೈಮಾಸಿಕದ ಲಾಭದಿಂದಲೇ ಕಳೆದೆವು. ಲಾಭ ಕಡಿಮೆ ಕಂಡಿತು. ಕೊಟೇಶನ್ ಮಾತ್ರ ಕದಲಲಿಲ್ಲ.

ಈಗ ತಗಡು ಸ್ಟೋರಿನಿಂದ ಹೊರಗೆ ಬರಬೇಕಾದರೆ ಚೀಟಿ ಬೇಕು. ಮೊದಲ ತಿಂಗಳು ವೆಲ್ಡರುಗಳು ಗೊಣಗಿದರು, ಚೀಟಿ ಇಲ್ಲದೆ ಎಳೆದುಕೊಂಡು ಹೋದವರಲ್ಲಿ ಮಾಲೀಕರೇ ಮೊದಲು. ತಿಂಗಳ ಕೊನೆಯ ಎಣಿಕೆ ಈಗ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ.

ಬಗೆಹರಿಯದೆ ಉಳಿದದ್ದು ಒಂದಿದೆ. ಬೇರೆ ಬಣ್ಣ ಕೇಳುವ ಆರ್ಡರುಗಳಲ್ಲಿ ಕೂಲಿ ಗಂಟೆ ಜಾಸ್ತಿ ಆಗುವುದಿಲ್ಲ, ಆದರೆ ಬೂತ್ ತೊಳೆದು ಮತ್ತೆ ಶುರು ಮಾಡುವ ತನಕ ಒಲೆ ಸುಮ್ಮನೆ ಕಾದು ಕರೆಂಟು ತಿನ್ನುತ್ತದೆ. ಗಂಟೆಗೆ 145ರ ದರಕ್ಕೆ ಅದು ಕಾಣುವುದೇ ಇಲ್ಲ. ಬೂದು ಬಣ್ಣದ ರ‍್ಯಾಕ್ ಕೊಳ್ಳುವವರು ಕೆಂಪು ಬಣ್ಣದವರ ಕರೆಂಟು ಕಟ್ಟುತ್ತಿದ್ದಾರೆ ಎಂದು ನನ್ನ ಅನುಮಾನ. ಒಲೆಗೆ ಬೇರೆ ಮೀಟರ್ ಹಾಕಿಸಿದ್ದಾರೆ. ಓದಿದ್ದು ಸದ್ಯಕ್ಕೆ ಒಂದೇ ತಿಂಗಳಿನದು, ಅದರ ಮೇಲೆ ಹೊಸ ದರ ಕಟ್ಟಲು ನನಗೆ ಧೈರ್ಯವಿಲ್ಲ.